ಬ್ರೌಸರ್ ತೆರೆದ ಕೂಡಲೇ ಸಿಪಿಯು ಏರುತ್ತಾ? ಮದ್ದಿಗಿಂತ ಮೊದಲು ಗಡಿಯಾರ ನೋಡಿ

ಬ್ರೌಸರ್ ಐಕಾನ್ ಒತ್ತಿದ ಕೂಡಲೇ ಲ್ಯಾಪ್‌ಟಾಪ್ ಫ್ಯಾನ್ ಗುಂಯ್ ಅನ್ನುತ್ತದೆ. ಮೌಸ್ ತಡವರಿಸುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಕಾಲಂನಲ್ಲಿ ಬ್ರೌಸರಿನದೇ ದರ್ಬಾರು. ಇಂಥ ಹೊತ್ತಲ್ಲಿ ಸಿಗುವ ಸಲಹೆಗಳು ನಮಗೆಲ್ಲ ಬಾಯಿಪಾಠ. ಕ್ಯಾಶ್, ಅಂದರೆ ಬ್ರೌಸರ್ ಡಿಸ್ಕಿನಲ್ಲಿ ಉಳಿಸಿಟ್ಟುಕೊಂಡ ಫೈಲ್‌ಗಳು, ಕ್ಲಿಯರ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ. ಬೇರೆ ಬ್ರೌಸರಿಗೆ ಹೋಗಿ. ರ‍್ಯಾಮ್ ಜಾಸ್ತಿ ಮಾಡಿಸಿ. ಇವುಗಳಲ್ಲಿ ಒಂದೂ ತೊಂದರೆ ಎಲ್ಲಿದೆ ಎಂದು ಕೇಳುವುದಿಲ್ಲ. ಮೊದಲನೆಯದಂತೂ ಮುಂದಿನ ಸಲ ಬ್ರೌಸರ್ ತೆರೆಯುವಾಗ ಸಿಪಿಯುಗೆ ಇನ್ನಷ್ಟು ಕೆಲಸ ಹಚ್ಚುತ್ತದೆ.

ಕೇಳಬೇಕಾದ ಪ್ರಶ್ನೆಗಳು ಎರಡೇ. ಏರಿದ ಸಿಪಿಯು ಎಷ್ಟು ಹೊತ್ತಿಗೆ ಇಳಿಯುತ್ತದೆ? ಇಳಿಯದಿದ್ದರೆ, ಅದನ್ನು ತಿನ್ನುತ್ತಿರುವುದು ಬ್ರೌಸರಿನ ಯಾವ ಭಾಗ? ಇವು ಗೊತ್ತಾಗದೆ ಏನು ಮಾಡಿದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಏರುವುದು ಮಾಮೂಲು

ಬ್ರೌಸರ್ ತೆರೆದ ಮೊದಲ ಅರ್ಧ ನಿಮಿಷ ಸಿಪಿಯು ಜೋರಾಗಿ ಓಡುವುದರಲ್ಲಿ ಆಶ್ಚರ್ಯವಿಲ್ಲ. ಇಂದಿನ ಬ್ರೌಸರ್ ಒಂದು ಪ್ರೋಗ್ರಾಂ ಅಲ್ಲ, ಒಂದು ದೊಡ್ಡ ಗುಂಪು. 2008ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬಂದಾಗಲೇ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ, ಅಂದರೆ ಒಂದಕ್ಕೊಂದು ಅಂಟದೆ ಓಡುವ ಘಟಕಗಳಲ್ಲಿ, ಇಟ್ಟಿತ್ತು. ಒಂದು ಟ್ಯಾಬ್ ಕೆಟ್ಟು ಕೂತರೆ ಉಳಿದವು ಕೆಡಬಾರದು ಅನ್ನುವ ಲೆಕ್ಕಾಚಾರ ಅದು. ಫೈರ್‌ಫಾಕ್ಸ್ ಈ ದಾರಿಗೆ ಬಂದದ್ದು 2016ರಲ್ಲಿ, 48ನೇ ಆವೃತ್ತಿಯಿಂದ. 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಗಳು ಬಯಲಾದವು. ಒಂದು ಸೈಟಿನ ಕೋಡ್ ಇನ್ನೊಂದು ಸೈಟಿನ ಗುಟ್ಟು ಓದಿಬಿಡಬಹುದು ಅನ್ನುವ ಭಯ ಹುಟ್ಟಿತು. ಅದೇ ವರ್ಷ ಕ್ರೋಮ್ 67 ಡೆಸ್ಕ್‌ಟಾಪ್‌ನಲ್ಲಿ ಪ್ರತಿ ಸೈಟಿಗೂ ಬೇರೆಯೇ ಪ್ರೊಸೆಸ್ ಕೊಡತೊಡಗಿತು. ಪುಟದೊಳಗೆ ಬೇರೆ ಸೈಟಿನ ಜಾಹೀರಾತು ಚೌಕಟ್ಟಿದ್ದರೆ ಅದಕ್ಕೂ ಪ್ರತ್ಯೇಕ. 2021ರ ಕೊನೆಯ ಹೊತ್ತಿಗೆ ಫೈರ್‌ಫಾಕ್ಸ್ ಕೂಡ ಇದನ್ನೇ ಮಾಡಿತು.

ಹಾಗಾಗಿ ನಿನ್ನೆಯ ಹತ್ತು ಟ್ಯಾಬ್‌ಗಳ ಜೊತೆ ಬ್ರೌಸರ್ ತೆರೆದರೆ ಹತ್ತಕ್ಕಿಂತ ಎಷ್ಟೋ ಜಾಸ್ತಿ ಪ್ರೊಸೆಸ್‌ಗಳು ಒಟ್ಟಿಗೆ ಏಳುತ್ತವೆ. ಒಂದೊಂದೂ ತನ್ನ ಜಾವಾಸ್ಕ್ರಿಪ್ಟ್ ಎಂಜಿನ್ ಸಿದ್ಧ ಮಾಡಿಕೊಳ್ಳಬೇಕು, ಪುಟದ ಕೋಡ್ ಓದಬೇಕು, ಅದನ್ನು ಕಂಪೈಲ್ ಮಾಡಬೇಕು (ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಬೇಕು), ಪುಟವನ್ನು ಜೋಡಿಸಿ ತೆರೆಯ ಮೇಲೆ ಬಿಡಿಸಬೇಕು. ಇದರ ಮಧ್ಯೆ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರಿಗೆ ನಾವು ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂಗಳು, ಏಳುತ್ತವೆ. ಅಪಾಯಕಾರಿ ಸೈಟುಗಳ ಪಟ್ಟಿ ಹೊಸದಾಗುತ್ತದೆ. ಅಪ್‌ಡೇಟ್ ಇದೆಯಾ ಎಂಬ ವಿಚಾರಣೆ ನಡೆಯುತ್ತದೆ. ಈ ಕೆಲಸಕ್ಕೆಲ್ಲ ಇರುವ ಕೋರ್‌ಗಳನ್ನು (ಸಿಪಿಯು ಒಳಗಿನ ಲೆಕ್ಕ ಮಾಡುವ ಘಟಕಗಳನ್ನು) ಪೂರ್ತಿ ಬಳಸಿ ಬೇಗ ಮುಗಿಸುವುದೇ ಒಳ್ಳೆಯ ಬ್ರೌಸರಿನ ಲಕ್ಷಣ. ಐದು ಸೆಕೆಂಡು ನೂರಕ್ಕೆ ನೂರು ಓಡುವುದು, ಇಪ್ಪತ್ತೈದು ಸೆಕೆಂಡು ಶೇಕಡಾ 20ರಲ್ಲಿ ತೆವಳುವುದು, ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಕೆಲಸ. ನನಗೆ ಕೇಳಿದರೆ ಮೊದಲನೆಯದೇ ವಾಸಿ.

ಬ್ರೌಸರ್ ಅಪ್‌ಡೇಟ್ ಆದ ಮೇಲಿನ ಮೊದಲ ಓಟ ಇನ್ನೂ ಭಾರ. ಹಿಂದೆ ಕಂಪೈಲ್ ಮಾಡಿಟ್ಟುಕೊಂಡ ಕೋಡ್ ಹಳೆಯ ಆವೃತ್ತಿಗೆ ಸೇರಿದ್ದು. ಹೊಸ ಆವೃತ್ತಿ ಅದನ್ನು ನಂಬುವುದಿಲ್ಲ, ಎಸೆದು ಮತ್ತೆ ಮಾಡುತ್ತದೆ. ಗ್ರಾಫಿಕ್ಸ್ ಡ್ರೈವರ್ ಬದಲಾದರೆ ಗ್ರಾಫಿಕ್ಸ್ ಚಿಪ್ಪಿನ ಮೇಲೆ ಓಡುವ ಶೇಡರ್ ಎಂಬ ಪುಟ್ಟ ಪ್ರೋಗ್ರಾಂಗಳಿಗೂ ಇದೇ ಗತಿ. ಕ್ಯಾಶ್ ಕ್ಲಿಯರ್ ಮಾಡಿದಾಗ ನಡೆಯುವುದೂ ಬಹುಪಾಲು ಇದೇ. ಸುಮ್ನೆ ಇದ್ದಿದ್ದರೆ ಡಿಸ್ಕಿನಿಂದ ಬರುತ್ತಿದ್ದ ಫೈಲ್‌ಗಳನ್ನು ಮತ್ತೆ ಡೌನ್‌ಲೋಡ್ ಮಾಡಬೇಕು, ಬಿಚ್ಚಬೇಕು, ಕಂಪೈಲ್ ಮಾಡಬೇಕು. ಒಂದು ಸೈಟ್ ತಪ್ಪುತಪ್ಪಾಗಿ ಕಾಣುತ್ತಿದ್ದರೆ ಕ್ಯಾಶ್ ತೆಗೆಯುವುದು ಸರಿ. ಸಿಪಿಯು ಏರಿದ್ದಕ್ಕೆ ಅದು ಮದ್ದೇ ಅಲ್ಲ.

ಆದ್ದರಿಂದ ಮೊದಲ ಪರೀಕ್ಷೆ ತೀರಾ ಸರಳ. ಬ್ರೌಸರ್ ತೆರೆಯಿರಿ, ಕೈ ಹಿಂದಕ್ಕೆ ತೆಗೆದುಕೊಳ್ಳಿ, ಎರಡು ನಿಮಿಷ ಏನನ್ನೂ ಮುಟ್ಟಬೇಡಿ. ಅಷ್ಟರಲ್ಲಿ ಸಿಪಿಯು ಕೆಲವೇ ಶೇಕಡಾಗೆ ಇಳಿದರೆ ನಿಮ್ಮ ಬ್ರೌಸರಿಗೆ ಏನೂ ಆಗಿಲ್ಲ. ಟ್ಯಾಬ್ ಕಡಿಮೆ ಮಾಡಿದರೆ ಆ ಏರು ಇನ್ನೂ ಚಿಕ್ಕದಾಗುತ್ತದೆ, ಅಷ್ಟೇ. ಎರಡು ನಿಮಿಷವಾದರೂ ಇಳಿಯಲಿಲ್ಲವೇ? ಆಗ ಮುಂದಕ್ಕೆ ಓದಿ.

ಶೇಕಡಾ 25 ಎಂದರೆ ಎಷ್ಟು?

ಟಾಸ್ಕ್ ಮ್ಯಾನೇಜರಿನ ಅಂಕಿ ನೋಡಿ ಜನ ಮೋಸ ಹೋಗುವುದು ಇಲ್ಲೇ. ವಿಂಡೋಸ್ ಹೇಳುವ ಶೇಕಡಾ ಇಡೀ ಪ್ರೊಸೆಸರಿನ ಪಾಲು. ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್, ಲಿನಕ್ಸಿನ ಟಾಪ್ ಮಾಮೂಲಾಗಿ ಒಂದು ಕೋರ್ ಪೂರ್ತಿ ಬಳಕೆಯಾದರೆ 100 ಎನ್ನುತ್ತವೆ. ಅಲ್ಲಿ ಬ್ರೌಸರಿನ ಮುಂದೆ 180 ಎಂದು ಕಂಡರೆ ಗಾಬರಿ ಬೇಡ. ಎರಡು ಕೋರ್‌ಗಳಷ್ಟೂ ಆಗಿಲ್ಲ ಎಂದರ್ಥ.

ವಿಂಡೋಸ್‌ನಲ್ಲಿ ತೊಂದರೆ ಉಲ್ಟಾ. ಅಂಕಿ ಚಿಕ್ಕದಾಗಿ ಕಾಣುತ್ತದೆ, ಗ್ರಹಚಾರ ದೊಡ್ಡದಿರುತ್ತದೆ. ನಾಲ್ಕು ಕೋರ್ ಇದ್ದು ಒಂದು ಥ್ರೆಡ್ (ಪ್ರೋಗ್ರಾಂ ಒಳಗಿನ ಕೆಲಸದ ಒಂದು ಎಳೆ) ಸುತ್ತುತ್ತಲೇ ಇದ್ದರೆ ಕಾಣುವುದು 25 ಮಾತ್ರ. ಎಂಟು ಲಾಜಿಕಲ್ ಪ್ರೊಸೆಸರ್ (ವಿಂಡೋಸ್ ಬೇರೆ ಬೇರೆ ಎಂದು ಎಣಿಸುವ ಘಟಕ) ಇದ್ದರೆ 12.5. ಹದಿನಾರಿದ್ದರೆ 6ರ ಮೇಲೆ ಚೂರು. ಅಂಕಿ ಹೀಗೆ ಒಂದೇ ಮಟ್ಟದಲ್ಲಿ ಅಂಟಿಕೊಂಡು ಕೂತಿದ್ದರೆ ಅದೊಂದು ಸುಳಿವು. ನಿಜವಾದ ಕೆಲಸವಾದರೆ ಅಂಕಿ ಏರಿಳಿಯುತ್ತಿರುತ್ತದೆ. ಗೆರೆ ಎಳೆದಂತೆ ನಿಂತರೆ ಒಳಗೆಲ್ಲೋ ಯಾವುದೋ ಕೋಡ್ ಮುಗಿಯದ ಸುತ್ತಿನಲ್ಲಿ ಸಿಕ್ಕಿಕೊಂಡಿರಬಹುದು.

ಇದಕ್ಕೆ 2022ರ ಜನವರಿ 13ಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅವತ್ತು ಲೋಕದಾದ್ಯಂತ ಫೈರ್‌ಫಾಕ್ಸ್ ತೆರೆದವರಿಗೆ ಕಿಟಕಿ ಬಂತು, ಪುಟ ಬರಲಿಲ್ಲ. ಆದದ್ದು ಇಷ್ಟು. ಫೈರ್‌ಫಾಕ್ಸ್ ಶುರುವಾದ ಸ್ವಲ್ಪ ಹೊತ್ತಿಗೆ ತನ್ನ ಬಳಕೆಯ ಮಾಹಿತಿಯನ್ನು, ಅಂದರೆ ಟೆಲಿಮೆಟ್ರಿಯನ್ನು, ತನ್ನ ತಯಾರಕ ಮೊಜಿಲ್ಲಾದ ಸರ್ವರಿಗೆ ಕಳಿಸುತ್ತದೆ. ಆ ಸರ್ವರಿನ ಮುಂದೆ ಕೂತಿದ್ದ ಕ್ಲೌಡ್ ಸೇವೆಯಲ್ಲಿ ಎಚ್‌ಟಿಟಿಪಿ/3 ಎಂಬ ಹೊಸ ಪ್ರೊಟೊಕಾಲ್ ತಾನಾಗಿ ಆನ್ ಆಯಿತು. ಕಳಿಸುವ ಕೋಡ್ ಹೆಡರ್‌ಗಳ, ಅಂದರೆ ಮಾಹಿತಿಯ ಜೊತೆ ಹೋಗುವ ವಿವರದ ಸಾಲುಗಳ, ಹೆಸರನ್ನು ಸಣ್ಣಕ್ಷರದಲ್ಲಿ ಬರೆಯುತ್ತಿತ್ತು. ಎಚ್‌ಟಿಟಿಪಿ/3 ನೋಡಿಕೊಳ್ಳುವ ಕೋಡ್ ‘ಕಂಟೆಂಟ್-ಲೆಂತ್’ ಎಂಬ ಹೆಡರನ್ನು ದೊಡ್ಡಕ್ಷರ ಸಮೇತ ಹುಡುಕುತ್ತಿತ್ತು. ಸಿಗಲಿಲ್ಲ. ಸುತ್ತತೊಡಗಿತು. ಫೈರ್‌ಫಾಕ್ಸಿನ ನೆಟ್‌ವರ್ಕ್ ಕೆಲಸವೆಲ್ಲ ಅದೇ ಥ್ರೆಡ್ ಮೇಲೆ ನಿಂತಿದ್ದರಿಂದ ಉಳಿದ ಪುಟಗಳೂ ನಿಂತವು. ಸರ್ವರ್ ಕಡೆ ಬದಲಾವಣೆ ವಾಪಸ್ ಪಡೆಯುವವರೆಗೆ, ಸುಮಾರು ಎರಡು ತಾಸು, ಇದೇ ಪಾಡು.

ಅವತ್ತು ಎಷ್ಟು ಜನ ಬ್ರೌಸರ್ ಕಿತ್ತುಹಾಕಿ ಮತ್ತೆ ಹಾಕಿಕೊಂಡರೋ! ಏನೂ ಪ್ರಯೋಜನವಿರಲಿಲ್ಲ. ಅವರ ಕಂಪ್ಯೂಟರಿನಲ್ಲಿ ಯಾವುದೂ ಕೆಟ್ಟಿರಲಿಲ್ಲ. ನಿನ್ನೆ ಸರಿಯಿದ್ದದ್ದು ಇವತ್ತು ಏಕಾಏಕಿ ಕೆಟ್ಟರೆ, ನೀವೇನೂ ಬದಲಿಸದಿದ್ದರೆ, ಕೈ ಹಾಕುವ ಮೊದಲು ಬೇರೆಯವರಿಗೂ ಹೀಗೇ ಆಗುತ್ತಿದೆಯಾ ಎಂದು ನೋಡುವುದು ಜಾಣತನ.

ಬ್ಯಾಟರಿ ಉಳಿಸುವ ಮೋಡ್‌ನಲ್ಲೂ ಅಂಕಿ ದಾರಿ ತಪ್ಪಿಸಬಹುದು. ಆಗ ಪ್ರೊಸೆಸರಿನ ವೇಗವೇ ಇಳಿದಿರುತ್ತದೆ. ಅಷ್ಟೇ ಕೆಲಸಕ್ಕೆ ಹೆಚ್ಚು ಹೊತ್ತು ಬೇಕು, ಶೇಕಡಾ ಜಾಸ್ತಿ ಕಾಣುತ್ತದೆ. ಪರೀಕ್ಷೆ ಮಾಡುವಾಗ ಚಾರ್ಜರ್ ಹಾಕಿಕೊಳ್ಳಿ.

ಯಾರು ತಿನ್ನುತ್ತಿದ್ದಾರೆ?

ವಿಂಡೋಸ್ ಟಾಸ್ಕ್ ಮ್ಯಾನೇಜರ್ ಬ್ರೌಸರಿನ ಹೆಸರನ್ನೇ ಇಪ್ಪತ್ತು ಸಾಲಿನಲ್ಲಿ ತೋರಿಸಿದರೆ ಏನು ತಿಳಿಯುತ್ತದೆ? ಬ್ರೌಸರಿನೊಳಗೇ ಬೇರೆ ಟಾಸ್ಕ್ ಮ್ಯಾನೇಜರ್ ಇದೆ. ಕ್ರೋಮ್‌ನಲ್ಲಿ ಮೆನುವಿನ ಹೆಚ್ಚಿನ ಟೂಲ್‌ಗಳಲ್ಲಿ ಸಿಗುತ್ತದೆ. ವಿಂಡೋಸ್‌ನಲ್ಲಾದರೆ ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಿದರೂ ಸಾಕು, ಎಡ್ಜ್‌ಗೂ ಅದೇ ಕೀಲಿ. ಫೈರ್‌ಫಾಕ್ಸ್‌ನಲ್ಲಿ ಅಡ್ರೆಸ್ ಬಾರಿನಲ್ಲಿ ‘ಅಬೌಟ್:ಪ್ರೊಸೆಸಸ್’ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಬೇಕು. ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡಿ, ಜಾಸ್ತಿ ಇರುವುದು ಮೇಲೆ ಬರಲಿ. ಈಗ ಸಾಲುಗಳಿಗೆ ಹೆಸರಿದೆ. ಇದು ಇಂಥ ಟ್ಯಾಬ್, ಇದು ಇಂಥ ಎಕ್ಸ್‌ಟೆನ್ಶನ್, ಇದು ಜಿಪಿಯು (ಗ್ರಾಫಿಕ್ಸ್ ಚಿಪ್ಪಿನ) ಪ್ರೊಸೆಸ್, ಇದು ಬ್ರೌಸರ್ ತಾನೇ. ಮೊದಲ ಅರ್ಧ ನಿಮಿಷ ಸಾಲುಗಳು ಮೇಲೆ ಕೆಳಗೆ ಕುಣಿಯುತ್ತವೆ, ಅದನ್ನು ಬಿಡಿ. ಎರಡನೇ ನಿಮಿಷ ಮುಗಿದ ಮೇಲೂ ಮೇಲಿನಿಂದ ಇಳಿಯದ ಸಾಲು ಯಾವುದೋ ಅದೇ ನೀವು ಹುಡುಕುತ್ತಿರುವುದು.

ಅದು ಟ್ಯಾಬ್ ಆಗಿದ್ದರೆ ಕೆಲಸ ಸುಲಭ. ಆ ಸಾಲನ್ನು ಆರಿಸಿ ಮುಗಿಸಿಬಿಡಿ, ಸಿಪಿಯು ಇಳಿಯುತ್ತಾ ನೋಡಿ. ಸಾಮಾನ್ಯವಾಗಿ ಸಿಕ್ಕಿಬೀಳುವವು ತಾನಾಗಿ ವಿಡಿಯೋ ಓಡಿಸುವ ಹೋಮ್‌ಪೇಜ್, ಜಾಹೀರಾತು ತುಂಬಿದ ಸುದ್ದಿ ಪುಟ, ಯಾವಾಗಲೂ ತೆರೆದೇ ಇರುವ ಚಾಟ್ ಅಥವಾ ಮೇಲ್. ಇಲ್ಲೊಂದು ಸೂಕ್ಷ್ಮವಿದೆ. ಫೈರ್‌ಫಾಕ್ಸ್ ಹಿಂದಿನ ಸೆಷನ್ ವಾಪಸ್ ತಂದಾಗ ನೀವು ಕ್ಲಿಕ್ ಮಾಡುವವರೆಗೆ ಹಿಂದಿನ ಟ್ಯಾಬ್‌ಗಳನ್ನು ಲೋಡ್ ಮಾಡುವುದಿಲ್ಲ. ಆದರೆ ಪಿನ್ ಮಾಡಿದ ಟ್ಯಾಬ್‌ಗಳಿಗೆ ಈ ನಿಯಮವಿಲ್ಲ, ಅವು ತೆರೆದ ಕೂಡಲೇ ಲೋಡ್ ಆಗುತ್ತವೆ. ‘ನೂರು ಟ್ಯಾಬ್ ಇದ್ದರೂ ಹಗುರ, ಆರು ಪಿನ್ ಮಾಡಿದರೆ ಭಾರ’ ಎಂಬ ವಿಚಿತ್ರಕ್ಕೆ ಕಾರಣ ಇದೇ. ಕ್ರೋಮ್ ಹಿಂದಿನ ಟ್ಯಾಬ್‌ಗಳನ್ನು ಒಂದೊಂದಾಗಿ, ತನ್ನ ಅಳತೆ ನೋಡಿಕೊಂಡು ಹಿನ್ನೆಲೆಯಲ್ಲಿ ಲೋಡ್ ಮಾಡುತ್ತ ಹೋಗುತ್ತದೆ. ಮರೆಯಲ್ಲಿರುವ ಟ್ಯಾಬಿನ ಟೈಮರ್‌ಗಳನ್ನು ನಿಮಿಷಕ್ಕೊಂದು ಸಲ ಮಾತ್ರ ಓಡಿಸುವ ಕಡಿವಾಣ 2021ರಲ್ಲಿ ಕ್ರೋಮ್ 88ರಿಂದ ಬಂದಿದೆ. ಆದರೆ ಅದು ಬೀಳುವುದು ಸ್ವಲ್ಪ ಹೊತ್ತಿನ ಮೇಲೆ. ಬ್ರೌಸರ್ ತೆರೆದ ಕ್ಷಣಕ್ಕೆ ಯಾರಿಗೂ ಲಗಾಮು ಇರುವುದಿಲ್ಲ.

ಖಾಲಿ ಪುಟದೊಂದಿಗೆ ತೆರೆಯುವಂತೆ ಸೆಟಿಂಗ್ ಬದಲಿಸಿದರೆ ಟ್ಯಾಬ್‌ಗಳ ವಿಷಯ ಅಲ್ಲಿಗೆ ಇತ್ಯರ್ಥ. ಆಮೇಲೂ ಸಿಪಿಯು ಇಳಿಯದಿದ್ದರೆ ಕಣ್ಣು ಎಕ್ಸ್‌ಟೆನ್ಶನ್ ಕಡೆ ತಿರುಗಬೇಕು.

ಎಕ್ಸ್‌ಟೆನ್ಶನ್‌ಗಳ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ ಜಾಸ್ತಿ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಒಂದಿದ್ದರೆ ಲಾಭವೇ. ಅದು ತಡೆದ ಜಾಹೀರಾತಿನ ಕೋಡ್ ಓಡುವುದೇ ಇಲ್ಲ. ಎರಡು ಹಾಕಿಕೊಂಡರೆ? ಇಬ್ಬರೂ ಸಾವಿರಾರು ನಿಯಮಗಳ ಪಟ್ಟಿ ಓದಿಕೊಂಡು ಏಳುತ್ತಾರೆ, ಇಬ್ಬರೂ ಪ್ರತಿ ವಿನಂತಿಯನ್ನೂ ತಪಾಸಣೆ ಮಾಡುತ್ತಾರೆ. ಪಾಸ್‌ವರ್ಡ್ ಮ್ಯಾನೇಜರ್, ವ್ಯಾಕರಣ ತಿದ್ದುವವರು, ಕೂಪನ್ ಹುಡುಕುವವರು, ಅನುವಾದಕರು ಪ್ರತಿ ಟ್ಯಾಬಿನೊಳಗೂ ತಮ್ಮ ಕೋಡ್ ಸೇರಿಸುತ್ತಾರೆ. ಆಗ ಸಿಪಿಯು ತಿನ್ನುವುದು ಎಕ್ಸ್‌ಟೆನ್ಶನ್, ಬೈಗುಳ ಬೀಳುವುದು ಟ್ಯಾಬಿಗೆ. ಟಾಸ್ಕ್ ಮ್ಯಾನೇಜರಿನಲ್ಲೂ ಟ್ಯಾಬಿನ ಹೆಸರೇ ಮೇಲಿರುತ್ತದೆ. ಎಲ್ಲ ಟ್ಯಾಬ್‌ಗಳೂ ಸೇರಿ ಒಂದೇ ರೀತಿ ಭಾರವಾಗಿದ್ದರೆ ಈ ಅನುಮಾನ ಇಟ್ಟುಕೊಳ್ಳಿ.

ಕಂಡುಹಿಡಿಯಲು ಒಂದೊಂದನ್ನೇ ಆಫ್ ಮಾಡುತ್ತ ಕೂರಬೇಕಿಲ್ಲ. ಅರ್ಧ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ಶಾಂತವಾಯಿತೇ, ಕಳ್ಳ ಆಫ್ ಮಾಡಿದ ಅರ್ಧದಲ್ಲಿದ್ದಾನೆ. ಇಲ್ಲವೇ, ಉಳಿದ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಹದಿನಾರು ಎಕ್ಸ್‌ಟೆನ್ಶನ್ ಇದ್ದರೂ ನಾಲ್ಕು ಸುತ್ತಿಗೆ ಉತ್ತರ ಸಿಗುತ್ತದೆ. ಹದಿನಾರು ಯಾಕೆ ಬೇಕಿತ್ತು ಅನ್ನುವುದು ಬೇರೆ ಮಾತು.

ಕೆಲವು ಸಲ ಅದು ಬರೀ ಬೇಜವಾಬ್ದಾರಿ ಕೋಡ್ ಅಲ್ಲ, ಕಳ್ಳತನವೇ ಆಗಿರುತ್ತದೆ. 2017ರ ಸೆಪ್ಟೆಂಬರಿನಲ್ಲಿ ಕಾಯಿನ್‌ಹೈವ್ ಎಂಬ ಸೇವೆ ಬಂತು. ಪುಟದೊಳಗೆ ಅದರ ಕೋಡ್ ಇಟ್ಟರೆ ನೋಡಲು ಬಂದವರ ಸಿಪಿಯು ಬಳಸಿ ಮೊನೆರೊ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ (ಲೆಕ್ಕ ಮಾಡಿ ನಾಣ್ಯ ಗಳಿಸುವುದು) ಮಾಡಬಹುದಿತ್ತು. ಆ ವರ್ಷದ ಕೊನೆಗೆ ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದ ಒಂದು ಕ್ರೋಮ್ ಎಕ್ಸ್‌ಟೆನ್ಶನ್ ಒಳಗೇ ಇಂಥ ಕೋಡ್ ಸಿಕ್ಕಿತು. 2018ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಸ್ಟೋರ್‌ನಲ್ಲಿ ಗಣಿಗಾರಿಕೆಯ ಎಕ್ಸ್‌ಟೆನ್ಶನ್‌ಗಳನ್ನು ನಿಷೇಧಿಸಿತು. 2019ರ ಮಾರ್ಚ್‌ನಲ್ಲಿ ಕಾಯಿನ್‌ಹೈವ್ ಬಾಗಿಲು ಹಾಕಿತು. ತಂತ್ರ ಮಾತ್ರ ಉಳಿದಿದೆ. ಒಳ್ಳೆಯ ಹೆಸರಿದ್ದ ಎಕ್ಸ್‌ಟೆನ್ಶನ್ ಮಾಲೀಕರು ಬದಲಾಗಿ, ಒಂದು ಅಪ್‌ಡೇಟಿನಲ್ಲಿ ಗುಣವೂ ಬದಲಾಗುವುದು ಈಗಲೂ ಇದೆ.

ಮತ್ತೆ ಇನ್‌ಸ್ಟಾಲ್ ಮಾಡುವುದು ಯಾಕೆ ದಂಡ

ಅನ್‌ಇನ್‌ಸ್ಟಾಲ್ ಮಾಡಿದಾಗ ಹೋಗುವುದು ಪ್ರೋಗ್ರಾಂ. ನಿಮ್ಮ ಹಿಸ್ಟರಿ, ಸೆಟಿಂಗ್, ಎಕ್ಸ್‌ಟೆನ್ಶನ್, ತೆರೆದಿದ್ದ ಟ್ಯಾಬ್ ಎಲ್ಲ ಇರುವುದು ಪ್ರೊಫೈಲ್ ಎಂಬ ಬೇರೆ ಫೋಲ್ಡರಿನಲ್ಲಿ. ಸಾಮಾನ್ಯವಾಗಿ ಅದು ಅಲ್ಲೇ ಉಳಿಯುತ್ತದೆ. ಅದನ್ನೂ ಅಳಿಸಿದಿರಿ ಎಂದುಕೊಳ್ಳಿ. ಮತ್ತೆ ಹಾಕಿ ಅಕೌಂಟಿಗೆ ಲಾಗಿನ್ ಆದ ಕೂಡಲೇ ಸಿಂಕ್ ಎಲ್ಲವನ್ನೂ ಮರಳಿ ತರುತ್ತದೆ, ಕಳ್ಳನ ಸಮೇತ.

ಇದಕ್ಕಿಂತ ಚುರುಕಾದ ದಾರಿ ಹೊಸ ಪ್ರೊಫೈಲ್. ಕ್ರೋಮ್, ಎಡ್ಜ್‌ನಲ್ಲಿ ಬಲಗಡೆ ಮೇಲಿನ ಪ್ರೊಫೈಲ್ ಚಿತ್ರ ಒತ್ತಿದರೆ ಹೊಸದು ಸೇರಿಸಬಹುದು. ಫೈರ್‌ಫಾಕ್ಸ್‌ನಲ್ಲಿ ‘ಅಬೌಟ್:ಪ್ರೊಫೈಲ್ಸ್’. ಲಾಗಿನ್ ಆಗಬೇಡಿ, ಏನೂ ಸೇರಿಸಬೇಡಿ. ಹಳೆಯ ಕಿಟಕಿಗಳನ್ನೆಲ್ಲ ಮುಚ್ಚಿ ಇದೊಂದನ್ನೇ ತೆರೆದು ನೋಡಿ. ಇಲ್ಲಿ ಶಾಂತವಾಗಿದ್ದರೆ ತೊಂದರೆ ನಿಮ್ಮ ಹಳೆಯ ಪ್ರೊಫೈಲಿನಲ್ಲಿದೆ, ಬ್ರೌಸರಿನಲ್ಲಿ ಅಲ್ಲ. ಇಲ್ಲೂ ಕುದಿಯುತ್ತಿದ್ದರೆ ತೊಂದರೆ ಡ್ರೈವರ್, ಆಂಟಿವೈರಸ್ ಅಥವಾ ಬ್ರೌಸರಿನದೇ ಬಗ್.

ವಿಂಡೋಸ್‌ನಲ್ಲಿ ಫೈರ್‌ಫಾಕ್ಸನ್ನು ಶಿಫ್ಟ್ ಹಿಡಿದು ತೆರೆದರೆ ಟ್ರಬಲ್‌ಶೂಟ್ ಮೋಡ್ ಬರುತ್ತದೆ. ಅದರಲ್ಲಿ ಸರಿಹೋದರೆ ಜನ ತಕ್ಷಣ ಎಕ್ಸ್‌ಟೆನ್ಶನ್ ಮೇಲೆ ತಪ್ಪು ಹೊರಿಸುತ್ತಾರೆ. ಆ ಮೋಡ್ ಎಕ್ಸ್‌ಟೆನ್ಶನ್ ಜೊತೆಗೆ ಥೀಮ್, ಹಾರ್ಡ್‌ವೇರ್ ಆಕ್ಸಲರೇಶನ್ ಕೂಡ ಆಫ್ ಮಾಡುತ್ತದೆ. ಕಾರಣ ಇವುಗಳಲ್ಲಿ ಯಾವುದೂ ಆಗಿರಬಹುದು.

ಹಾರ್ಡ್‌ವೇರ್ ಆಕ್ಸಲರೇಶನ್ ಆಫ್ ಮಾಡಿ ಎಂಬ ಸಲಹೆಯೂ ಎಲ್ಲೆಡೆ ಸಿಗುತ್ತದೆ, ಅಲ್ವಾ? ಪರೀಕ್ಷೆಗೆ ಒಳ್ಳೆಯದು, ಕಾಯಂ ಮದ್ದಾಗಿ ಕೆಟ್ಟದ್ದು. ಪುಟ ಬಿಡಿಸುವುದು, ವಿಡಿಯೋ ಬಿಚ್ಚುವುದು ಗ್ರಾಫಿಕ್ಸ್ ಚಿಪ್ಪಿನ ಕೆಲಸ. ಆಕ್ಸಲರೇಶನ್ ಆಫ್ ಮಾಡಿದರೆ ಆ ಕೆಲಸ ಮಾಯವಾಗುವುದಿಲ್ಲ, ಸಿಪಿಯು ತಲೆ ಮೇಲೆ ಬೀಳುತ್ತದೆ. ಎಷ್ಟೋ ಕಂಪ್ಯೂಟರಿನಲ್ಲಿ ತೊಂದರೆಯೇ ಇದು. ಹಳೆಯ ಡ್ರೈವರನ್ನು ಬ್ರೌಸರ್ ನಂಬದೆ ತಾನಾಗಿಯೇ ಸಾಫ್ಟ್‌ವೇರ್ ದಾರಿ ಹಿಡಿದಿರುತ್ತದೆ. ಕ್ರೋಮ್‌ನ ಜಿಪಿಯು ಪುಟದಲ್ಲಿ (ಅಡ್ರೆಸ್ ಬಾರಿನಲ್ಲಿ chrome://gpu) ‘ಸಾಫ್ಟ್‌ವೇರ್ ಓನ್ಲಿ’ ಎಂಬ ಸಾಲುಗಳು ತುಂಬಿದ್ದರೆ ಸರಿಪಡಿಸಬೇಕಾದದ್ದು ಡ್ರೈವರ್.

ತಿನ್ನುವವರು ಹೊರಗೂ ಇರಬಹುದು

ಬ್ರೌಸರ್ ತೆರೆದಾಗ ಏರುವ ಸಿಪಿಯುವೆಲ್ಲ ಬ್ರೌಸರಿನದ್ದಲ್ಲ. ವಿಂಡೋಸ್‌ನ ಕ್ರೋಮ್ ಜೊತೆ ಕೆಲ ವರ್ಷ ಸಾಫ್ಟ್‌ವೇರ್ ರಿಪೋರ್ಟರ್ ಟೂಲ್ ಎಂಬುದೊಂದು ಬರುತ್ತಿತ್ತು. ಕೆಟ್ಟ ಪ್ರೋಗ್ರಾಂಗಳಿವೆಯಾ ಎಂದು ಅದು ಆಗಾಗ ಹುಡುಕುತ್ತಿತ್ತು, ಹುಡುಕುವಾಗ ಸಿಪಿಯು ಜಗ್ಗುತ್ತಿತ್ತು. ಅದು ಸೇರಿದ್ದ ಕ್ಲೀನಪ್ ಸೌಲಭ್ಯವನ್ನು 2023ರಲ್ಲಿ ಕ್ರೋಮ್ 111ರಿಂದ ತೆಗೆದಿದ್ದಾರೆ. ಈಗಲೂ ಅದನ್ನು ಅಳಿಸಿ ಎಂದು ಹೇಳುವ ಸಲಹೆ ಕಂಡರೆ ಅದು ಹಳೆಯದೆಂದು ದಾಟಿ.

ಕಂಪ್ಯೂಟರ್ ಆನ್ ಆದ ಕೂಡಲೇ ಬ್ರೌಸರ್ ತಾನಾಗಿ ತೆರೆಯುವಂತೆ ಇಟ್ಟುಕೊಂಡವರಿಗೆ ಇನ್ನೊಂದು ತಾಪತ್ರಯ. ಅದೇ ಹೊತ್ತಿಗೆ ಆಂಟಿವೈರಸ್, ಕ್ಲೌಡ್ ಸಿಂಕ್, ಇನ್ನೂ ಹತ್ತಾರು ಪ್ರೋಗ್ರಾಂ ಏಳುತ್ತಿರುತ್ತವೆ. ಬ್ರೌಸರನ್ನು ಒಂದೆರಡು ನಿಮಿಷ ತಡವಾಗಿ ತೆರೆದರೆ ಅರ್ಧ ಗದ್ದಲ ಮಾಯ. ಇನ್ನು 2025ರಲ್ಲಿ ಫೈರ್‌ಫಾಕ್ಸ್ ಬಳಕೆದಾರರು ‘ಇನ್‌ಫರೆನ್ಸ್’ ಎಂಬ ಪ್ರೊಸೆಸ್ ಸಿಪಿಯು ತಿನ್ನುತ್ತಿದೆ ಎಂದು ದೂರತೊಡಗಿದರು. ಟ್ಯಾಬ್ ಗುಂಪಿಗೆ ಹೆಸರು ಸೂಚಿಸುವಂಥ ಎಐ ಸೌಲಭ್ಯಗಳ ಮಾದರಿ ನಮ್ಮ ಕಂಪ್ಯೂಟರಿನಲ್ಲೇ ಓಡುವುದು ಅದಕ್ಕೆ ಕಾರಣ. ಬೇಡವಾದರೆ ಆಫ್ ಮಾಡಬಹುದು. ಕೇಳದೆ ಬಂದ ಸೌಲಭ್ಯವನ್ನು ಹುಡುಕಿ ಆಫ್ ಮಾಡುವ ಕೆಲಸ ಬಳಕೆದಾರರ ತಲೆಗೆ ಕಟ್ಟುವುದು ನನಗಂತೂ ಸರಿ ಕಾಣುವುದಿಲ್ಲ.

ಆಂಟಿವೈರಸ್ ಕಥೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಫೈರ್‌ಫಾಕ್ಸ್ ಓಡುವಾಗ ವಿಂಡೋಸ್ ಡಿಫೆಂಡರಿನ ಪ್ರೊಸೆಸ್ ಸಿಪಿಯು ಜಾಸ್ತಿ ತಿನ್ನುತ್ತಿದೆ ಎಂಬ ದೂರು ಮೊಜಿಲ್ಲಾದ ಬಗ್ ಪಟ್ಟಿಯಲ್ಲಿ ದಾಖಲಾದದ್ದು 2018ರಲ್ಲಿ. ಐದು ವರ್ಷ ಅದು ಬಗೆಹರಿಯಲಿಲ್ಲ. ಫೈರ್‌ಫಾಕ್ಸ್ ಮೆಮೊರಿಯ ಅನುಮತಿ ಬದಲಿಸಲು ವಿಂಡೋಸ್‌ನ ಒಂದು ಫಂಕ್ಷನ್ನನ್ನು ಪದೇಪದೇ ಕರೆಯುತ್ತದೆ. ಕರೆದಾಗಲೆಲ್ಲ ವಿಂಡೋಸ್ ಒಂದು ಈವೆಂಟ್ ದಾಖಲಿಸುತ್ತದೆ. ಡಿಫೆಂಡರಿನ ರಿಯಲ್-ಟೈಮ್ ರಕ್ಷಣೆ ಆ ಒಂದೊಂದು ಈವೆಂಟಿಗೂ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಲೆಕ್ಕ ಮಾಡುತ್ತಿತ್ತು. ಮೊಜಿಲ್ಲಾದ ಎಂಜಿನಿಯರ್‌ಗಳು ಇದನ್ನು ಅಳೆದು ತೋರಿಸಿದ ಮೇಲೆ ಮೈಕ್ರೋಸಾಫ್ಟ್ 2023ರ ವಸಂತದಲ್ಲಿ ಡಿಫೆಂಡರ್ ಎಂಜಿನ್ ತಿದ್ದಿತು. ಫೈರ್‌ಫಾಕ್ಸ್ ಬಳಸುವಾಗ ಡಿಫೆಂಡರ್ ತಿನ್ನುವ ಸಿಪಿಯು ಸುಮಾರು ಶೇಕಡಾ 75ರಷ್ಟು ಇಳಿಯಿತು.

‘ನನ್ನ ಕಂಪ್ಯೂಟರ್ ಸ್ಲೋ’ ಎಂಬ ದೂರಿನಿಂದ ಬ್ರೌಸರ್ ತಯಾರಕರಿಗೆ ಏನು ಮಾಡಲಿಕ್ಕೂ ಬರುವುದಿಲ್ಲ. ಅವರಿಗೆ ಬೇಕಾದದ್ದು ರೆಕಾರ್ಡಿಂಗ್. ಫೈರ್‌ಫಾಕ್ಸ್ ಪ್ರೊಫೈಲರ್ ಬ್ರೌಸರ್ ಏಳುವ ಮೊದಲ ಕ್ಷಣದಿಂದಲೇ ಯಾವ ಥ್ರೆಡ್ ಏನು ಮಾಡುತ್ತಿತ್ತು ಎಂದು ದಾಖಲಿಸಬಲ್ಲದು, ಕ್ರೋಮ್‌ನಲ್ಲಿ ಆ ಕೆಲಸಕ್ಕೆ ಟ್ರೇಸಿಂಗ್ ಇದೆ. ಹೊಸ ಪ್ರೊಫೈಲಿನಲ್ಲೂ ಸಿಪಿಯು ಇಳಿಯದೆ, ಡ್ರೈವರ್ ಹೊಸದಿದ್ದೂ ಸರಿಹೋಗದಿದ್ದರೆ ಅಂಥದ್ದೊಂದು ರೆಕಾರ್ಡಿಂಗ್ ಮಾಡಿ ಬಗ್ ದಾಖಲಿಸಿ. ಬ್ರೌಸರಿನ ಆವೃತ್ತಿ, ಆಪರೇಟಿಂಗ್ ಸಿಸ್ಟಂ, ಆಂಟಿವೈರಸ್ ಹೆಸರು, ಏರಿದ ಸಿಪಿಯು ಎಷ್ಟು ಹೊತ್ತು ಇಳಿಯಲಿಲ್ಲ ಎಂಬುದನ್ನು ಜೊತೆಗೆ ಬರೆಯಿರಿ. ರೆಕಾರ್ಡಿಂಗ್ ಒಳಗೆ ನೀವು ತೆರೆದಿದ್ದ ಪುಟಗಳ ವಿಳಾಸವೂ ಸೇರಿರುತ್ತದೆ. ಫೈರ್‌ಫಾಕ್ಸ್ ಪ್ರೊಫೈಲರಿನಲ್ಲಿ ಅಪ್‌ಲೋಡ್ ಮಾಡುವಾಗ ಅವನ್ನು ಬಿಟ್ಟು ಕಳಿಸುವ ಆಯ್ಕೆ ಇದೆ, ಒತ್ತುವ ಮೊದಲು ಆ ಟಿಕ್ ಗುರುತು ನೋಡಿಕೊಳ್ಳಿ.